ಸಹಿ ಬಿದ್ದ ಮೇಲೆ

1986ರ ಜೂನ್ 30ರಂದು ದೆಹಲಿಯಲ್ಲಿ ಮಿಜೋ ಒಪ್ಪಂದಕ್ಕೆ ಸಹಿ ಬಿತ್ತು. ಎರಡು ದಶಕ ಭಾರತ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ಮಿಜೋ ನ್ಯಾಷನಲ್ ಫ್ರಂಟ್‌ನ ನಾಯಕ ಲಾಲ್‌ಡೆಂಗಾ ಎರಡು ತಿಂಗಳು ತುಂಬುವುದರೊಳಗೆ ಮಿಜೋರಾಂನ ಮುಖ್ಯಮಂತ್ರಿಯಾದರು. ಅವರಿಗೆ ಕುರ್ಚಿ ಬಿಟ್ಟುಕೊಟ್ಟವರು ಆಗ ಆ ಹುದ್ದೆಯಲ್ಲಿದ್ದ ಕಾಂಗ್ರೆಸ್ಸಿನ ಲಾಲ್ ಥನ್‌ಹಾವ್ಲಾ. ಮುಂದಿನ ವರ್ಷ ಫೆಬ್ರುವರಿ 20ರಂದು ಮಿಜೋರಾಂ ರಾಜ್ಯವಾಯಿತು. ಅಂದಿನಿಂದ ಆ ಫ್ರಂಟ್ ಚುನಾವಣೆಯಲ್ಲಿ ಗೆದ್ದಿದೆ, ಸೋತಿದೆ, ಮತ್ತೆ ಗೆದ್ದಿದೆ. ಕಾಡಿಗೆ ಮಾತ್ರ ಮರಳಿಲ್ಲ.

ಮಿಜೋ ಒಪ್ಪಂದಕ್ಕೂ ಹತ್ತೂವರೆ ವರ್ಷ ಮೊದಲು, 1975ರ ನವೆಂಬರ್ 11ರಂದು, ಷಿಲ್ಲಾಂಗಿನಲ್ಲಿ ಇನ್ನೊಂದು ಒಪ್ಪಂದವಾಗಿತ್ತು. ನಾಗಾ ಭೂಗತ ಸಂಘಟನೆಯ ಕೆಲವು ಪ್ರತಿನಿಧಿಗಳು ತುರ್ತುಪರಿಸ್ಥಿತಿಯ ದಿನಗಳಲ್ಲಿ ಸರ್ಕಾರದೊಂದಿಗೆ ಮಾಡಿಕೊಂಡದ್ದು ಅದು. ಲಂಡನ್ನಿನಲ್ಲಿದ್ದ ಹಿರಿಯ ನಾಯಕ ಫಿಜೋ ಅದನ್ನು ಒಪ್ಪಿದೆನೆನ್ನಲೂ ಇಲ್ಲ, ತಿರಸ್ಕರಿಸಿದೆನೆನ್ನಲೂ ಇಲ್ಲ. ಹಳ್ಳಿಗಳಲ್ಲಿ ಅದನ್ನು ತಮ್ಮದೆಂದು ಹೇಳುವವರು ಸಿಗಲಿಲ್ಲ. 1980ರಲ್ಲಿ ಅದೇ ಒಪ್ಪಂದವನ್ನು ದ್ರೋಹವೆಂದು ಕರೆದು ಎನ್‌ಎಸ್‌ಸಿಎನ್ ಎಂಬ ಹೊಸ ಶಸ್ತ್ರಧಾರಿ ಸಂಘಟನೆ ಹುಟ್ಟಿತು. 1988ರಲ್ಲಿ ಅದೂ ಒಡೆಯಿತು. ಮುಂದೆ ನಾಗಾ ಯುವಕರು ಸೇನೆಯ ಗುಂಡಿಗೆ ಬಿದ್ದಂತೆಯೇ ನಾಗಾ ಬಣಗಳ ಗುಂಡಿಗೂ ಬಿದ್ದರು.

ಒಂದೇ ದೇಶ, ಈಶಾನ್ಯದ ಅವೇ ಬೆಟ್ಟಗಳು. ಒಂದು ಸಹಿ ನಿಂತಿತು, ಇನ್ನೊಂದು ನಿಲ್ಲಲಿಲ್ಲ. ಕಾರಣಗಳು ಹಲವಿವೆ. ಮಿಜೋ ಹೋರಾಟಗಾರರು ಬಹುಮಟ್ಟಿಗೆ ಒಂದೇ ಸಂಘಟನೆಯಲ್ಲಿದ್ದರು, ಒಪ್ಪಂದದಿಂದ ಅವರಿಗೆ ರಾಜ್ಯವೂ ಸಿಕ್ಕಿತು, ಅಧಿಕಾರವೂ ಸಿಕ್ಕಿತು. ನಾಗಾ ಹೋರಾಟ ಹತ್ತಾರು ಬುಡಕಟ್ಟುಗಳಲ್ಲಿ, ಹಲವು ರಾಜ್ಯಗಳಲ್ಲಿ, ಮ್ಯಾನ್ಮಾರ್‌ನ ಗಡಿಯಾಚೆಗೂ ಹರಡಿತ್ತು. ಆದರೆ ಇವುಗಳ ಜೊತೆಗೇ ತೂಗಬೇಕಾದ ಇನ್ನೊಂದು ಕಾರಣವಿದೆ. ಒಪ್ಪಂದವನ್ನು ಮನೆಮನೆಗೆ ಒಯ್ದು ಒಪ್ಪಿಸುವವರು, ಮರುದಿನ ಬೆಳಿಗ್ಗೆಯಿಂದ ಅದನ್ನು ಕಾಯುವವರು ಯಾರು ಎಂಬುದು. ಜಗತ್ತಿನ ಬೇರೆ ಬೇರೆ ಕಡೆ ಯುದ್ಧ ಮುಗಿದ ಮೇಲೆ ಏನಾಯಿತು ಎಂದು ನೋಡುತ್ತ ಹೋದರೆ ಈ ಪ್ರಶ್ನೆ ಎಲ್ಲ ಕಡೆ ಎದುರಾಗುತ್ತದೆ.

ನಾಗರಿಕ ಸಮಾಜವೆಂದು ಇಲ್ಲಿ ಕರೆಯುತ್ತಿರುವುದು ಸರ್ಕಾರಕ್ಕೂ ಸೇನೆಗೂ ಶಸ್ತ್ರಧಾರಿ ಗುಂಪಿಗೂ ಸೇರದೆ ಜನ ತಾವಾಗಿ ಕಟ್ಟಿಕೊಂಡ ಕೂಟಗಳನ್ನು: ಚರ್ಚು, ಮಸೀದಿ ಸಮಿತಿ, ತಾಯಂದಿರ ಸಂಘ, ವಿದ್ಯಾರ್ಥಿ ಸಂಘ, ಕಾರ್ಮಿಕ ಸಂಘ, ವಕೀಲರು, ಊರ ಹಿರಿಯರು. ಶಾಂತಿಯ ಅಧ್ಯಯನದಲ್ಲಿ ಇವಕ್ಕೆ ಜಾಗ ಸಿಕ್ಕಿದ್ದು ತಡವಾಗಿ. ಗುಂಡಿನ ಸದ್ದು ನಿಂತದ್ದು ಒಂದು ಬಗೆಯ ಶಾಂತಿ, ಅನ್ಯಾಯದ ಬೇರು ಕಿತ್ತದ್ದು ಇನ್ನೊಂದು ಬಗೆಯ ಶಾಂತಿ ಎಂದು ನಾರ್ವೆಯ ಯೋಹಾನ್ ಗಾಲ್ಟುಂಗ್ 1960ರ ದಶಕದಲ್ಲೇ ಬೇರ್ಪಡಿಸಿ ತೋರಿಸಿದ್ದರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬುಟ್ರೋಸ್ ಘಾಲಿ 1992ರಲ್ಲಿ ಸಂಘರ್ಷ ಮುಗಿದ ಮೇಲಿನ ಶಾಂತಿ ನಿರ್ಮಾಣವನ್ನು ಸಂಸ್ಥೆಯ ಕೆಲಸವೆಂದು ಸೇರಿಸಿದರು. 1997ರಲ್ಲಿ ಅಮೆರಿಕದ ಜಾನ್ ಪಾಲ್ ಲೆಡರಾಕ್ ಮೇಲಿನ ನಾಯಕರಿಗೂ ತಳದ ಜನರಿಗೂ ನಡುವೆ ನಿಂತ ಪಾದ್ರಿಗಳು, ಮೇಷ್ಟ್ರುಗಳು, ಸಂಘಗಳ ಮುಖಂಡರೇ ಶಾಂತಿಯ ನಿಜವಾದ ಕೊಂಡಿ ಎಂದು ವಾದಿಸಿದರು. ಅಂಕಿಅಂಶವೂ ಬಂತು. ಸ್ವೀಡನ್ನಿನ ಡಿಸಿರೇ ನಿಲ್ಸನ್ ಶೀತಲ ಸಮರದ ನಂತರದ ಒಪ್ಪಂದಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಗರಿಕ ಸಂಘಟನೆಗಳನ್ನು ಒಳಗೊಂಡ ಒಪ್ಪಂದ ಮುರಿದುಬೀಳುವ ಅಪಾಯ ಶೇ 64ರಷ್ಟು ಕಡಿಮೆ. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಶಾಂತಿಗೆ ಮೊದಲೇ ಹದವಾಗಿದ್ದ ನಾಡುಗಳಲ್ಲಿ ಸಂಘಟನೆಗಳಿಗೆ ಕುರ್ಚಿ ಸಿಗುವುದೂ ಸುಲಭ. ಆದರೂ ಅದನ್ನು ತಳ್ಳಿಹಾಕುವಂತಿಲ್ಲ.

ಮಿಜೋರಾಂನ ಕತೆಯೇ ಒಂದು ಸಂಘದಿಂದ ಶುರುವಾದದ್ದು. 1959ರಲ್ಲಿ ಬಿದಿರು ಹೂಬಿಟ್ಟು, ಇಲಿಗಳು ಹೆಚ್ಚಿ, ಬೆಳೆ ನಾಶವಾಗಿ ಬರ ಬಂತು. ಸರ್ಕಾರದ ನೆರವು ಸಾಲದಾದಾಗ ಯುವಕರು ಅಕ್ಕಿ ಹೊತ್ತು ಹಳ್ಳಿಗಳಿಗೆ ಮುಟ್ಟಿಸಲು ಬರಗಾಲ ಪರಿಹಾರದ ಒಂದು ಸಂಘಟನೆ ಕಟ್ಟಿದರು. ಅದೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು, 1966ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಿಸಿತು. ಮಾರ್ಚ್ 5ರಂದು ಐಜ್ವಾಲ್ ಮೇಲೆ ಭಾರತದ ವಾಯುಪಡೆಯೇ ಬಾಂಬ್ ಹಾಕಿತು. ಮರುವರ್ಷದಿಂದ ಹಳ್ಳಿಗಳನ್ನು ಖಾಲಿ ಮಾಡಿಸಿ, ಹಲವನ್ನು ಸುಟ್ಟು, ಜನರನ್ನು ರಸ್ತೆ ಬದಿಯ ಕಾವಲಿನ ಶಿಬಿರಗಳಿಗೆ ತುಂಬಿದರು. ಹಸಿದವರಿಗೆ ಅಕ್ಕಿ ಹಂಚಿದ ಕೈಗಳು ಏಳೇ ವರ್ಷಗಳಲ್ಲಿ ಬಂದೂಕು ಹಿಡಿದವು ಎಂಬುದನ್ನು ಗಮನಿಸಬೇಕು. ಜನರ ಸಂಘಗಳು ಸ್ವಭಾವದಿಂದಲೇ ಶಾಂತಿಪ್ರಿಯ ಎಂದು ನಂಬಿ ಹೊರಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಆ ಇಪ್ಪತ್ತು ವರ್ಷ ಎರಡೂ ಕಡೆಯ ಜೊತೆ ಮಾತಾಡುತ್ತಿದ್ದವರು ಚರ್ಚಿನವರು. ಪಾದ್ರಿಗಳು ಭೂಗತ ನಾಯಕರನ್ನು ಕಂಡು ಬರುತ್ತಿದ್ದರು, ಅಧಿಕಾರಿಗಳನ್ನೂ ಕಾಣುತ್ತಿದ್ದರು, ಎರಡೂ ಕಡೆಯ ಅನುಮಾನಕ್ಕೆ ಗುರಿಯಾಗುತ್ತಿದ್ದರು. 1982ರಲ್ಲಿ ಬೇರೆ ಬೇರೆ ಚರ್ಚುಗಳ ಮುಖಂಡರು ಜಂಟಿ ಸಮಿತಿ ಮಾಡಿಕೊಂಡು, ಪಕ್ಷಗಳನ್ನೂ ವಿದ್ಯಾರ್ಥಿ ಸಂಘಗಳನ್ನೂ ಕೂಡಿಸಿ, ಮುರಿದುಬಿದ್ದಿದ್ದ ಮಾತುಕತೆ ಮತ್ತೆ ಶುರುವಾಗುವಂತೆ ಒತ್ತಡ ತಂದರು. ಜನ ದಣಿದಿದ್ದರು, ಆ ದಣಿವಿಗೆ ಒಂದು ದನಿ ಸಿಕ್ಕಿತು. ಒಪ್ಪಂದವಾದಾಗ ಅದು ದೆಹಲಿಯಿಂದ ಇಳಿದುಬಂದ ಕಾಗದವೆಂದು ಯಾರಿಗೂ ಅನಿಸಲಿಲ್ಲ. ಭಾನುವಾರದ ಪ್ರಾರ್ಥನೆಯಲ್ಲಿ ವರ್ಷಗಟ್ಟಲೆ ಬೇಡಿಕೊಂಡದ್ದು ಕೊನೆಗೆ ಬಂದಿತ್ತು.

ಬಂದ ಮೇಲೆ ಅದನ್ನು ಉಳಿಸಿದ್ದು ಇನ್ನೂ ದೊಡ್ಡ ಕೆಲಸ. 1935ರಲ್ಲಿ ಸ್ಥಾಪನೆಯಾದ ಯಂಗ್ ಮಿಜೋ ಅಸೋಸಿಯೇಷನ್ ಬಂಡಾಯಕ್ಕಿಂತ ಹಳೆಯದು. ಹಳ್ಳಿಯಲ್ಲಿ ಸಾವಾದರೆ ಗುಂಡಿ ತೋಡುವವರು, ಸತ್ತವರ ಮನೆಯಲ್ಲಿ ರಾತ್ರಿ ಕೂರುವವರು, ಕಾಡಿನಲ್ಲಿ ಕಾಣೆಯಾದವರನ್ನು ಹುಡುಕಲು ಹೋಗುವವರು ಇದರ ಸದಸ್ಯರು. ಕಾಡಿನಿಂದ ಬಂದ ಹುಡುಗನ ಮನೆಯ ಸಾವಿಗೂ, ಅವನ ಗುಂಡಿಗೆ ಬಲಿಯಾದವನ ಮನೆಯ ಸಾವಿಗೂ ಅದೇ ಜನ ಹೋಗುತ್ತಾರೆ. ಪುನರ್ವಸತಿ ಯೋಜನೆಯ ಯಾವ ಕಡತದಲ್ಲೂ ಇಲ್ಲದ ಪುನರ್ವಸತಿ ಇದು. 2006ರಲ್ಲಿ ಚರ್ಚುಗಳು ಸೇರಿ ಕಟ್ಟಿದ ಮಿಜೋರಾಂ ಪೀಪಲ್ಸ್ ಫೋರಂ ಇನ್ನೂ ಮುಂದೆ ಹೋಯಿತು. ಪ್ರತಿ ಚುನಾವಣೆಗೆ ಮೊದಲು ಪಕ್ಷಗಳಿಂದ ಲಿಖಿತ ಒಪ್ಪಂದ ಮಾಡಿಸಿಕೊಳ್ಳುತ್ತದೆ: ಊಟ ಹಾಕಿಸುವಂತಿಲ್ಲ, ಅಬ್ಬರದ ಮೆರವಣಿಗೆ ಕೂಡದು, ಎಲ್ಲ ಅಭ್ಯರ್ಥಿಗಳೂ ಒಂದೇ ವೇದಿಕೆಗೆ ಬಂದು ಮಾತಾಡಬೇಕು. ನಮ್ಮ ಚುನಾವಣೆಗಳನ್ನು ನೋಡಿದವರಿಗೆ ಇದು ನಂಬಲು ಕಷ್ಟ. 2023ರಲ್ಲಿ ಮತ ಎಣಿಕೆ ಭಾನುವಾರ ಬಿದ್ದಿತ್ತು; ಅಲ್ಲಿನ ಸಂಘಟನೆಗಳ ಕೋರಿಕೆಯಂತೆ ಚುನಾವಣಾ ಆಯೋಗ ಅದನ್ನು ಸೋಮವಾರಕ್ಕೆ ಮುಂದೂಡಿತು.

ಇಷ್ಟಕ್ಕೇ ನಿಲ್ಲಿಸಿದರೆ ಮಿಜೋರಾಂ ಮಾದರಿ ರಾಜ್ಯ. ಆದರೆ ಅದೇ ಮಿಜೋರಾಂನಿಂದ 1997ರ ಅಕ್ಟೋಬರ್‌ನಲ್ಲಿ ಬ್ರೂ ಬುಡಕಟ್ಟಿನ ಮೂವತ್ತು ಸಾವಿರಕ್ಕೂ ಹೆಚ್ಚು ಜನ ತ್ರಿಪುರಾಕ್ಕೆ ಓಡಿದರು. ಬ್ರೂ ಸಂಘಟನೆಗಳು ಸ್ವಾಯತ್ತ ಜಿಲ್ಲಾ ಮಂಡಳಿ ಕೇಳಿದ್ದವು, ಬ್ರೂ ಉಗ್ರರಿಂದ ಒಬ್ಬ ಮಿಜೋ ಅರಣ್ಯ ಸಿಬ್ಬಂದಿಯ ಕೊಲೆಯಾಯಿತು, ಅದರ ಸೇಡು ಇಡೀ ಸಮುದಾಯದ ಮೇಲೆ ಬಿತ್ತು. ಶಾಂತಿ ಕಾಯ್ದ ಅವೇ ಸಂಘಗಳು ಈ ಸಲ ಬೇಲಿ ಕಾಯಲು ನಿಂತವು. ಶಿಬಿರದಲ್ಲಿದ್ದ ಬ್ರೂ ಜನರನ್ನು ಮಿಜೋರಾಂನ ಮತದಾರರ ಪಟ್ಟಿಯಲ್ಲಿ ಇಡಕೂಡದು ಎಂಬ ಒತ್ತಾಯದಲ್ಲಿ ವಿದ್ಯಾರ್ಥಿ ಸಂಘವೂ ಇತ್ತು, ಯುವಜನ ಸಂಘವೂ ಇತ್ತು. ಒಂದಲ್ಲ, ಹಲವು ಸಲ ವಾಪಸಾತಿ ಪ್ರಯತ್ನ ನಡೆದು, ಕೊನೆಗೆ 2020ರ ಜನವರಿಯಲ್ಲಿ ಸುಮಾರು 34,000 ಮಂದಿಯನ್ನು ತ್ರಿಪುರಾದಲ್ಲೇ ನೆಲೆಗೊಳಿಸಲು 600 ಕೋಟಿ ರೂಪಾಯಿಯ ಒಪ್ಪಂದವಾಯಿತು. ಹುಟ್ಟಿದ ನೆಲಕ್ಕೆ ಮರಳುವ ಬಾಗಿಲು ಅವರ ಪಾಲಿಗೆ ಬಹುತೇಕ ಮುಚ್ಚಿತು. ಇತ್ತ 2021ರ ನಂತರ ಮ್ಯಾನ್ಮಾರ್‌ನಿಂದ ಓಡಿಬಂದ ಚಿನ್ ಜನರಿಗೆ, 2023ರಲ್ಲಿ ಮಣಿಪುರದಿಂದ ಬಂದ ಕುಕಿ-ಜೋ ಜನರಿಗೆ ಅದೇ ಮಿಜೋ ಸಂಘಗಳು ಅನ್ನ ಬಟ್ಟೆ ಸೂರು ಕೊಟ್ಟಿವೆ, ಕೇಂದ್ರದ ಅಸಮಾಧಾನವನ್ನೂ ಲೆಕ್ಕಿಸದೆ. ಅವರು ರಕ್ತಸಂಬಂಧಿಗಳು. ಬ್ರೂಗಳು ಅಲ್ಲ. ಸಂಘದ ಕರುಣೆ ಅದರ ಸದಸ್ಯತ್ವದ ಗಡಿಯವರೆಗೆ ಮಾತ್ರ ಹರಿಯಿತು.

ಈ ಗಡಿಯ ವಿಷಯವನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದವರು ಅಶುತೋಷ್ ವಾರ್ಷ್ಣೇಯ. ಅವರ ಪುಸ್ತಕ 2002ರಲ್ಲಿ ಬಂತು. ಕೋಮು ಗಲಭೆಗೆ ಹೆಸರಾದ ಊರುಗಳನ್ನು ಶಾಂತವಾಗಿದ್ದ ಊರುಗಳ ಜೊತೆ ಇಟ್ಟು ನೋಡಿದ ಅಧ್ಯಯನ ಅದು: ಅಲಿಗಢದ ಜೊತೆ ಕಲ್ಲಿಕೋಟೆ, ಹೈದರಾಬಾದಿನ ಜೊತೆ ಲಖನೌ, ಅಹಮದಾಬಾದಿನ ಜೊತೆ ಸೂರತ್. ಹಿಂದೂಗಳೂ ಮುಸ್ಲಿಮರೂ ಕೂಡಿ ಸದಸ್ಯರಾಗಿದ್ದ ವರ್ತಕರ ಸಂಘ, ಕಾರ್ಮಿಕ ಸಂಘ, ಓದುಗರ ಕೂಟ ಇದ್ದಲ್ಲಿ ವದಂತಿ ಹಬ್ಬುವ ಮೊದಲೇ ಸತ್ತಿತು. ಎರಡೂ ಕಡೆ ಸಂಘಗಳಿದ್ದು ಕೂಡು ಸಂಘ ಇಲ್ಲದಿದ್ದಲ್ಲಿ ಊರು ಹೊತ್ತಿತು. ಎಷ್ಟು ಸಂಘಗಳಿವೆ ಎಂಬುದಕ್ಕಿಂತ ಅವುಗಳೊಳಗೆ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದು ಮುಖ್ಯ. ಅಂಥದನ್ನು ಹೊಸದಾಗಿ ಕಟ್ಟಲೂ ಸಾಧ್ಯ. 1970 ಮತ್ತು 1984ರಲ್ಲಿ ಭೀಕರ ಗಲಭೆ ಕಂಡಿದ್ದ ಭಿವಂಡಿಯಲ್ಲಿ 1980ರ ದಶಕದ ಕೊನೆಗೆ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಎರಡೂ ಸಮುದಾಯದವರನ್ನು ಕೂಡಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. 1992-93ರಲ್ಲಿ ಪಕ್ಕದ ಮುಂಬಯಿ ಉರಿದಾಗ ಭಿವಂಡಿ ಶಾಂತವಾಗಿತ್ತು.

ಮಣಿಪುರ ಇದರ ತದ್ವಿರುದ್ಧ ಸಾಕ್ಷಿ. ಸಂಘಗಳ ಶಕ್ತಿಯಲ್ಲಿ ಅದನ್ನು ಮೀರಿಸುವ ರಾಜ್ಯ ಭಾರತದಲ್ಲಿ ವಿರಳ. ಪಂಜು ಹಿಡಿದು ರಾತ್ರಿ ಕಾವಲು ಕಾಯುವ ಮೈರಾ ಪೈಬಿ ತಾಯಂದಿರು 1970ರ ದಶಕದ ಕೊನೆಯಿಂದ ಕುಡಿತದ ವಿರುದ್ಧ, ಆಮೇಲೆ ಸೇನೆಯ ದೌರ್ಜನ್ಯದ ವಿರುದ್ಧ ನಿಂತವರು. 2004ರ ಜುಲೈನಲ್ಲಿ ಕಾಂಗ್ಲಾ ಕೋಟೆಯ ಮುಂದೆ ಅವರಲ್ಲಿ ಹನ್ನೆರಡು ಮಂದಿ ಬೆತ್ತಲಾಗಿ ನಡೆಸಿದ ಪ್ರತಿಭಟನೆ ದೇಶವನ್ನೇ ತಲೆತಗ್ಗಿಸುವಂತೆ ಮಾಡಿತು. ಆ ವರ್ಷ ಮುಗಿಯುವ ಮೊದಲು ಅಲ್ಲಿ ಬೀಡುಬಿಟ್ಟಿದ್ದ ಅಸ್ಸಾಂ ರೈಫಲ್ಸ್ ಪಡೆ ಕೋಟೆ ಬಿಟ್ಟಿತು. ಇಂಥ ಧೈರ್ಯ ಇದ್ದ ನಾಡಿನಲ್ಲಿ 2023ರ ಮೇ 3ರಂದು ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಶುರುವಾದ ಹಿಂಸಾಚಾರದಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಮಂದಿ ಮನೆ ಕಳೆದುಕೊಂಡರು. ಮೈತೇಯಿ ಸಂಘಟನೆಗಳು ಕಣಿವೆಯಲ್ಲಿ, ಕುಕಿ-ಜೋ ಸಂಘಟನೆಗಳು ಬೆಟ್ಟದಲ್ಲಿ, ನಾಗಾ ಸಂಘಟನೆಗಳು ತಮ್ಮ ಜಿಲ್ಲೆಗಳಲ್ಲಿ ಬಲವಾಗಿದ್ದವು. ಮೂವರೂ ಕೂತು ಮಾತಾಡುವ ಒಂದು ಅಂಗಳ ಇರಲಿಲ್ಲ. ಸೇನೆಯ ವಾಹನಗಳನ್ನು ಹೆಂಗಸರೇ ದಾರಿಯಲ್ಲಿ ತಡೆದರು. ತಮ್ಮ ಮಕ್ಕಳನ್ನು ಉಳಿಸಲೆಂದೇ ಅವರು ನಿಂತದ್ದು, ನಿಜ. ಆಚೆ ಬದಿಯ ತಾಯಿಯೂ ಅದನ್ನೇ ಹೇಳುತ್ತಿದ್ದಳು.

ನಾಗಾಲ್ಯಾಂಡಿನಲ್ಲಿ ದೀರ್ಘಕಾಲ ಪ್ರಯತ್ನ ನಡೆದಿದೆ. 1964ರಲ್ಲಿ ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚುಗಳ ಕೋರಿಕೆಯ ಮೇಲೆ ಜಯಪ್ರಕಾಶ ನಾರಾಯಣ, ಅಸ್ಸಾಂ ಮುಖ್ಯಮಂತ್ರಿ ಬಿ.ಪಿ. ಚಲಿಹಾ, ಇಂಗ್ಲೆಂಡಿನ ಪಾದ್ರಿ ಮೈಕೆಲ್ ಸ್ಕಾಟ್ ಸೇರಿದ ಶಾಂತಿ ನಿಯೋಗ ಸೆಪ್ಟೆಂಬರ್ 6ರಿಂದ ಕದನವಿರಾಮ ತಂದಿತು. ಎರಡು ವರ್ಷ ತುಂಬುವ ಮೊದಲೇ ನಿಯೋಗ ಮುರಿಯಿತು, ಸ್ಕಾಟ್ ಅವರನ್ನು ದೇಶದಿಂದ ಹೊರಗೆ ಕಳಿಸಲಾಯಿತು. ಬಣಗಳ ಕೊಲೆಗಳು ಹೆಚ್ಚಿದಾಗ 1984ರಲ್ಲಿ ಹುಟ್ಟಿದ್ದ ನಾಗಾ ತಾಯಂದಿರ ಸಂಘ, ಇನ್ನು ರಕ್ತ ಹರಿಸಬೇಡಿ ಎಂದು 1990ರ ದಶಕದಲ್ಲಿ ಆಂದೋಲನ ನಡೆಸಿತು. ಯಾವ ಬಣದವನು ಸತ್ತರೂ ಹೆಣ ತಮ್ಮ ಮಗನದೇ ಎಂದು ಅವರು ಸಾರಿದರು. 2008ರಲ್ಲಿ ಪಾದ್ರಿ ವಾಟಿ ಐಯರ್ ಮುಂದಾಳತ್ವದ ನಾಗಾ ಮೈತ್ರಿ ವೇದಿಕೆ ಹಗೆಯ ಬಣಗಳನ್ನು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಕೂರಿಸಿ ಮಾತಾಡಿಸಿತು, ಊರಿನಲ್ಲಿ ಫುಟ್‌ಬಾಲ್ ಆಡಿಸಿತು. 2009ರ ಜೂನ್ 13ರಂದು ಮೂರು ಬಣಗಳ ನಾಯಕರು ಮೈತ್ರಿಯ ಪ್ರತಿಜ್ಞೆಗೆ ಸಹಿ ಹಾಕಿದರು. ಬಣಗಳ ನಡುವಿನ ಕೊಲೆಗಳು ಇಳಿದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು. ಸರ್ಕಾರದ ಜೊತೆಗಿನ ಅಂತಿಮ ಒಪ್ಪಂದ ಮಾತ್ರ 2015ರ ಚೌಕಟ್ಟಿನ ಸಹಿಯಾದ ಮೇಲೂ ಬಂದಿಲ್ಲ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಇಷ್ಟು ಮಾಡಿದ ನಾಗಾ ತಾಯಂದಿರು ನಗರಸಭೆಗಳಲ್ಲಿ ಶೇ 33ರ ಮೀಸಲು ಸ್ಥಾನ ಕೇಳಿದಾಗ ಬುಡಕಟ್ಟುಗಳ ಗಂಡಸರ ಸಭೆಗಳು ಸಂಪ್ರದಾಯದ ಹೆಸರು ಹೇಳಿ ಅಡ್ಡ ನಿಂತವು. 2017ರ ಫೆಬ್ರುವರಿಯಲ್ಲಿ ಕೊಹಿಮಾದಲ್ಲಿ ನಗರಸಭೆ ಕಚೇರಿಗೇ ಬೆಂಕಿ ಬಿತ್ತು, ಗಲಭೆಯಲ್ಲಿ ಪ್ರಾಣ ಹೋಯಿತು, ಚುನಾವಣೆ ನಿಂತಿತು. ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದ ಮೇಲೆ 2024ರ ಜೂನ್‌ನಲ್ಲಿ ಆ ಮೀಸಲಾತಿಯೊಂದಿಗೆ ಚುನಾವಣೆ ನಡೆಯಿತು. ಹೆಣ ಎತ್ತುವಾಗ, ಉಗ್ರರ ಶಿಬಿರಕ್ಕೆ ನಡೆದುಹೋಗುವಾಗ ಹೆಂಗಸರು ಬೇಕಾಗಿದ್ದರು; ಚರಂಡಿ, ನೀರು, ತೆರಿಗೆ ತೀರ್ಮಾನಿಸುವ ಮೇಜಿಗೆ ಬೇಡವಾಗಿದ್ದರು. ಶಾಂತಿಯ ಕೂಲಿಯನ್ನು ಹೆಂಗಸರಿಂದ ಮಾಡಿಸಿಕೊಂಡು ಶಾಂತಿಯ ಅಧಿಕಾರವನ್ನು ಗಂಡಸರೇ ಇಟ್ಟುಕೊಳ್ಳುವ ಈ ಪದ್ಧತಿ ನಾಗಾಲ್ಯಾಂಡಿನದು ಮಾತ್ರವಲ್ಲ. 2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೇ ನಿರ್ಣಯ ಮಾಡಿ ಶಾಂತಿ ಮಾತುಕತೆಗಳಲ್ಲಿ ಹೆಂಗಸರಿಗೆ ಪಾಲಿರಬೇಕೆಂದದ್ದು ಇದು ಲೋಕದ ರೂಢಿಯಾಗಿದ್ದರಿಂದಲೇ.

ಉತ್ತರ ಐರ್ಲೆಂಡಿನಲ್ಲಿ ಈ ಪಾಲು ಸಿಕ್ಕಿದ ರೀತಿ ಕುತೂಹಲದ್ದು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಮುದಾಯಗಳ ನಡುವೆ ಸುಮಾರು ಮೂವತ್ತು ವರ್ಷ ನಡೆದು 3,500ಕ್ಕೂ ಹೆಚ್ಚು ಜೀವ ತೆಗೆದ ಕಲಹದ ಕೊನೆಯಲ್ಲಿ, 1996ರಲ್ಲಿ, ಮಾತುಕತೆಗೆ ಪ್ರತಿನಿಧಿಗಳನ್ನು ಚುನಾವಣೆಯ ಮೂಲಕ ಆರಿಸಬೇಕೆಂದಾಯಿತು. ಹೆಚ್ಚು ಮತ ಪಡೆದ ಮೊದಲ ಹತ್ತು ಪಕ್ಷಗಳಿಗೆ ತಲಾ ಎರಡು ಸ್ಥಾನ ಖಚಿತ ಎಂಬ ನಿಯಮವಿತ್ತು. ಚುನಾವಣೆಗೆ ಕೆಲವೇ ವಾರ ಮೊದಲು ಮೋನಿಕಾ ಮೆಕ್‌ವಿಲಿಯಮ್ಸ್, ಪರ್ಲ್ ಸೇಗರ್ ಮತ್ತು ಅವರ ಗೆಳತಿಯರು ಮಹಿಳಾ ಒಕ್ಕೂಟ ಕಟ್ಟಿದರು. ಮೋನಿಕಾ ಕ್ಯಾಥೊಲಿಕ್, ಪರ್ಲ್ ಪ್ರಾಟೆಸ್ಟಂಟ್. ಶೇಕಡಾ ಒಂದರಷ್ಟೇ ಮತ ಬಂತು, ಎರಡು ಕುರ್ಚಿ ಸಿಕ್ಕಿತು. ಸಭೆಯಲ್ಲಿ ಅವರನ್ನು ಅಣಕಿಸಿದವರು ಇದ್ದರು. ಆದರೂ 1998ರ ಏಪ್ರಿಲ್ 10ರ ಒಪ್ಪಂದದಲ್ಲಿ ಸಂತ್ರಸ್ತರ ಹಕ್ಕು, ಎರಡೂ ಸಮುದಾಯದ ಮಕ್ಕಳು ಕೂಡಿ ಕಲಿಯುವ ಶಾಲೆ, ನಾಗರಿಕ ವೇದಿಕೆ ಎಂಬ ಮಾತುಗಳು ಬಂದದ್ದು ಬಹುಮಟ್ಟಿಗೆ ಅವರಿಂದ. ಮೇ 22ರ ಜನಮತದಲ್ಲಿ ಶೇ 71ರಷ್ಟು ಜನ ಒಪ್ಪಂದಕ್ಕೆ ಹೌದೆಂದರು.

ಆಮೇಲೆ ಏನಾಯಿತು? ಸಂಘಗಳು, ಚರ್ಚುಗಳು, ವರ್ತಕರು ಕೂತು ಶಾಸನಸಭೆಗೆ ಸಲಹೆ ಕೊಡಬೇಕಿದ್ದ ನಾಗರಿಕ ವೇದಿಕೆ 2000ದಲ್ಲಿ ಶುರುವಾಯಿತು. 2002ರಲ್ಲಿ ಶಾಸನಸಭೆ ಅಮಾನತಾದಾಗ ಅದೂ ನಿಂತಿತು. ಶಾಸನಸಭೆ ಮರಳಿ ಬಂತು, ವೇದಿಕೆ ಬರಲಿಲ್ಲ. ಮಹಿಳಾ ಒಕ್ಕೂಟ 2006ರಲ್ಲಿ ಮುಚ್ಚಿತು. 1981ರಲ್ಲಿ ಕೆಲವು ತಂದೆತಾಯಂದಿರು 28 ಮಕ್ಕಳೊಂದಿಗೆ ಲಗನ್ ಕಾಲೇಜ್ ಎಂಬ ಮೊದಲ ಕೂಡು ಶಾಲೆ ತೆರೆದಿದ್ದರು; ಇಂದಿಗೂ ಅಂಥ ಶಾಲೆಗಳಲ್ಲಿ ಓದುವವರು ನೂರಕ್ಕೆ ಹತ್ತರಷ್ಟೂ ಇಲ್ಲ. ಬೆಲ್‌ಫಾಸ್ಟ್‌ನ ಮೊಹಲ್ಲಾಗಳನ್ನು ಬೇರ್ಪಡಿಸುವ ಗೋಡೆಗಳನ್ನು 2023ರೊಳಗೆ ಕೆಡವುತ್ತೇವೆಂದು ಅಲ್ಲಿನ ಸರ್ಕಾರ 2013ರಲ್ಲಿ ಮಾತು ಕೊಟ್ಟಿತ್ತು. ಗೋಡೆಗಳಲ್ಲಿ ಹೆಚ್ಚಿನವು ನಿಂತೇ ಇವೆ. ಒಪ್ಪಂದ ಉಳಿದಿದೆ, ದೊಡ್ಡ ಮಾತು. ಆದರೆ ಅಧಿಕಾರ ಹಂಚಿಕೊಂಡ ಪಕ್ಷಗಳು ಎರಡು ಗುಂಪುಗಳಾಗಿಯೇ ಇರುವುದರಲ್ಲಿ ಲಾಭ ಕಂಡವು, ಗಡಿ ದಾಟಿ ಕಟ್ಟಿದ್ದನ್ನೆಲ್ಲ ಒಣಗಲು ಬಿಟ್ಟವು. ಒಂದು ಕೆಲಸಕ್ಕೆ ಮಾತ್ರ ಯಾವ ಪಕ್ಷದವರೂ ಸಾಲುತ್ತಿರಲಿಲ್ಲ. 2005ರಲ್ಲಿ ಬಂಡುಕೋರ ಸಂಘಟನೆ ಐಆರ್‌ಎ ತನ್ನ ಶಸ್ತ್ರಗಳನ್ನು ನಿರುಪಯುಕ್ತಗೊಳಿಸಿದ್ದಕ್ಕೆ ಸಾಕ್ಷಿಯಾಗಿ ನಿಂತವರು ಕ್ಯಾಥೊಲಿಕ್ ಪಾದ್ರಿ ಅಲೆಕ್ ರೀಡ್ ಮತ್ತು ಮೆಥೊಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್. ಎರಡು ಕಡೆಯವರು ನಂಬುವ ಇಬ್ಬರು ಮನುಷ್ಯರು ಆ ನಾಡಿನಲ್ಲಿದ್ದದ್ದು ಹಲವು ದಶಕಗಳ ಫಲ.

ಲೈಬೀರಿಯಾದ ಹೆಂಗಸರ ಬಳಿ ಇಂಥ ಕುರ್ಚಿ ಇರಲಿಲ್ಲ, ಕಾಲಾವಕಾಶವೂ ಇರಲಿಲ್ಲ. 1989ರಿಂದ ಎರಡು ಯುದ್ಧಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸತ್ತಿದ್ದರೆಂಬ ಅಂದಾಜಿದೆ. ಬಾಲ ಸೈನಿಕರಾಗಿದ್ದ ಹುಡುಗರ ಜೊತೆ ಕೆಲಸ ಮಾಡುತ್ತಿದ್ದ ಲೇಮಾ ಬೋವಿ 2003ರಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಹೆಂಗಸರನ್ನು ಒಟ್ಟುಗೂಡಿಸಿದರು. ಮನ್ರೋವಿಯಾದ ಮೀನು ಮಾರುಕಟ್ಟೆಯ ಬಳಿಯ ಬಯಲಿನಲ್ಲಿ ಬಿಳಿ ಬಟ್ಟೆ ತೊಟ್ಟು ದಿನವೂ ಕೂತರು, ಬಿಸಿಲೆನ್ನದೆ ಮಳೆಯೆನ್ನದೆ. ಅಧ್ಯಕ್ಷ ಚಾರ್ಲ್ಸ್ ಟೇಲರ್ ಆ ದಾರಿಯಲ್ಲೇ ಓಡಾಡುತ್ತಿದ್ದರು. ಘಾನಾದ ಅಕ್ರಾದಲ್ಲಿ ಮಾತುಕತೆ ಹೋಟೆಲ್ ಊಟದಲ್ಲೇ ವಾರಗಟ್ಟಲೆ ಎಳೆದಾಗ, ಜುಲೈನಲ್ಲಿ ಅವರು ಸಭಾಂಗಣದ ಬಾಗಿಲಿಗೆ ತೋಳಿಗೆ ತೋಳು ಹೆಣೆದು ಕೂತು, ಒಪ್ಪಂದವಿಲ್ಲದೆ ಯಾರೂ ಹೊರಗೆ ಬರಕೂಡದೆಂದರು. ಹೊರದೂಡಲು ಬಂದಾಗ ಬೋವಿ ಬಟ್ಟೆ ಕಳಚುವುದಾಗಿ ಬೆದರಿಸಿದರು. ತಾಯಿ ಹಾಗೆ ಮಾಡಿದರೆ ಅಲ್ಲಿನ ಗಂಡಸರಿಗೆ ಅದು ಶಾಪ. ಆಗಸ್ಟ್ 18ರಂದು ಒಪ್ಪಂದವಾಯಿತು.

ಲೋಕ ಈ ಕತೆಯನ್ನು ಇಲ್ಲಿಗೇ ಮುಗಿಸುತ್ತದೆ. ಬೋವಿಗೂ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್‌ಗೂ 2011ರಲ್ಲಿ ನೊಬೆಲ್ ಬಂತೆಂದು ಸೇರಿಸುತ್ತದೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ನಡುವಿನ ವರ್ಷಗಳು. 2003ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ನಡೆಸಿದ ಮೊದಲ ಶಸ್ತ್ರಾಸ್ತ್ರ ಸಂಗ್ರಹ ಗಲಭೆಯಲ್ಲಿ ಕೊನೆಗೊಂಡಿತು. ಹುಡುಗರ ಹೆಸರು, ಕುಲ, ತಾಯಿ ಗೊತ್ತಿದ್ದ ಹೆಂಗಸರನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಮುಂದಿನ ವರ್ಷ ಅವರು ಶಿಬಿರಗಳಿಗೆ ಹೋಗಿ ತಿಳಿಹೇಳಿದ ಮೇಲೆ ಕೆಲಸ ಸಾಗಿತು. 2005ರ ಚುನಾವಣೆಗೆ ಮನೆಮನೆಗೆ ಹೋಗಿ ಹೆಂಗಸರ ಹೆಸರನ್ನು ಪಟ್ಟಿಗೆ ಸೇರಿಸಿದವರೂ ಅವರೇ. ಅಲ್ಲಿಗೆ 2007ರಲ್ಲಿ ಭಾರತದಿಂದ ಸಿಆರ್‌ಪಿಎಫ್‌ನ ಮಹಿಳಾ ತುಕಡಿ ಹೋಯಿತು, ವಿಶ್ವಸಂಸ್ಥೆಯ ಚರಿತ್ರೆಯಲ್ಲೇ ಮೊದಲ ಪೂರ್ಣ ಮಹಿಳಾ ಪೊಲೀಸ್ ಪಡೆ. 2016ರವರೆಗೆ ತಂಡದ ಬಳಿಕ ತಂಡ ಹೋಗಿ ಕಾವಲು ಕಾಯಿತು. ಆದರೆ ಅಕ್ರಾದಲ್ಲಿ ಯುದ್ಧನಾಯಕರು ಮಂತ್ರಿಗಿರಿ ಹಂಚಿಕೊಂಡಿದ್ದರು, ಶಿಕ್ಷೆಯ ಮಾತು ಇರಲಿಲ್ಲ. ಸತ್ಯಶೋಧನಾ ಆಯೋಗ 2009ರಲ್ಲಿ ಶಿಫಾರಸು ಮಾಡಿದ ಯುದ್ಧಾಪರಾಧ ನ್ಯಾಯಾಲಯಕ್ಕೆ ಪೂರ್ವತಯಾರಿಯ ಕಚೇರಿ ತೆರೆಯುವ ಆದೇಶ ಹೊರಬಿದ್ದದ್ದು 2024ರಲ್ಲಿ.

ಹಣದ ಪ್ರಶ್ನೆಗೆ ಬರಬೇಕು. ಯುದ್ಧ ಮುಗಿದ ನಾಡಿಗೆ ದಾನಿ ದೇಶಗಳು ಬರುತ್ತವೆ, ಅವರ ಜೊತೆ ಮೂರು ವರ್ಷದ ಯೋಜನೆಗಳು ಬರುತ್ತವೆ. 1995ರ ನಂತರದ ಬೋಸ್ನಿಯಾದಲ್ಲಿ ಸಂಸ್ಥೆಗಳು ಅಣಬೆಯಂತೆ ಎದ್ದವು, ಹಣ ನಿಂತಾಗ ಹಾಗೆಯೇ ಒಣಗಿದವು. ವರದಿ ಬರೆಯಬಲ್ಲ ಪಟ್ಟಣದ ತರುಣರಿಗೆ ಕೆಲಸ ಸಿಕ್ಕಿತು, ಊರ ಹಿರಿಯಳ ಮಾತಿಗೆ ಬೆಲೆ ಸಿಗಲಿಲ್ಲ. ಹಲವು ದೇಶಗಳ ಅನುಭವ ಒಟ್ಟುಗೂಡಿಸಿ 2010ರಲ್ಲಿ ಪುಸ್ತಕ ತಂದ ಟಾನಿಯಾ ಪಾಫೆನ್‌ಹೋಲ್ಟ್ಸ್ ನಾಗರಿಕ ಸಂಘಟನೆಗಳ ಕೆಲಸವನ್ನು ಏಳು ಬಗೆಯಾಗಿ ವಿಂಗಡಿಸಿದ್ದಾರೆ. ಹಿಂಸೆ ಇನ್ನೂ ಕಾಡುತ್ತಿರುವಾಗ ಜನರ ರಕ್ಷಣೆ, ದೌರ್ಜನ್ಯಗಳ ದಾಖಲೆ ಎಲ್ಲಕ್ಕಿಂತ ಅಗತ್ಯ. ದಾನಿಗಳ ಹಣ ಹೆಚ್ಚಾಗಿ ಹರಿಯುವುದು ಸೌಹಾರ್ದ ತರಬೇತಿ, ಸೇವಾ ಕಾರ್ಯಗಳಂಥ ಕಡೆಗೆ ಎಂಬುದು ಆ ಅಧ್ಯಯನದ ಮುಖ್ಯ ಮಾತುಗಳಲ್ಲೊಂದು. ಎರಡು ದಿನ ಹೋಟೆಲಿನಲ್ಲಿ ಕಾರ್ಯಾಗಾರ ನಡೆಸಿ ಶಾಂತಿ ಕಲಿಸಲು ಬರುವುದಿಲ್ಲ. ಯಂಗ್ ಮಿಜೋ ಅಸೋಸಿಯೇಷನ್ ಯಾವ ದಾನಿಯ ಹಣದಿಂದಲೂ ಹುಟ್ಟಲಿಲ್ಲ. ನಾಗಾ ತಾಯಂದಿರ ಸಂಘವೂ ಅಷ್ಟೆ.

ಸರ್ಕಾರ ಹಗೆಯಾದರೆ ಬೇರಿದ್ದ ಸಂಘವೂ ಸೊರಗುತ್ತದೆ. ಕೊಲಂಬಿಯಾದಲ್ಲಿ ಸಂತ್ರಸ್ತರ 60 ಪ್ರತಿನಿಧಿಗಳು ಹವಾನಾಕ್ಕೆ ಹೋಗಿ ಸರ್ಕಾರದವರಿಗೂ ಫಾರ್ಕ್ ಬಂಡುಕೋರರಿಗೂ ಎದುರೆದುರು ಕೂತು ತಮ್ಮ ನೋವು ಹೇಳಿದರು. 2016ರ ಅಕ್ಟೋಬರಿನ ಜನಮತದಲ್ಲಿ ದೇಶ ಕೂದಲೆಳೆಯಷ್ಟು ಅಂತರದಲ್ಲಿ ಒಪ್ಪಂದವನ್ನು ತಿರಸ್ಕರಿಸಿತು. 2002ರಲ್ಲಿ ಚರ್ಚಿನೊಳಗೆ ಆಶ್ರಯ ಪಡೆದಿದ್ದ ಹತ್ತಾರು ಮಂದಿ ಫಾರ್ಕ್‌ನ ಬಾಂಬಿಗೆ ಸತ್ತ ಬೊಹಯಾ ಎಂಬ ಊರಿನಲ್ಲಿ ಮಾತ್ರ ನೂರಕ್ಕೆ ತೊಂಬತ್ತಾರು ಮಂದಿ ಹೌದೆಂದಿದ್ದರು. ತಿದ್ದಿದ ಒಪ್ಪಂದಕ್ಕೆ ನವೆಂಬರಿನಲ್ಲಿ ಸಹಿ ಬಿತ್ತು. ಆಮೇಲಿನ ವರ್ಷಗಳಲ್ಲಿ ಅದನ್ನು ಹಳ್ಳಿಗಳಲ್ಲಿ ಜಾರಿಗೊಳಿಸಲು ಹೊರಟವರೂ ಸೇರಿದಂತೆ ಸಾವಿರಕ್ಕೂ ಹೆಚ್ಚು ಸ್ಥಳೀಯ ಮುಖಂಡರು ಕೊಲೆಯಾಗಿದ್ದಾರೆ. ಶ್ರೀಲಂಕಾದಲ್ಲಿ 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದದ್ದು ಒಪ್ಪಂದದಿಂದಲ್ಲ, ಗೆಲುವಿನಿಂದ. ಕಾಣೆಯಾದ ಮಕ್ಕಳ ಫೋಟೊ ಹಿಡಿದು ಕಿಲಿನೊಚ್ಚಿಯಲ್ಲಿ ತಮಿಳು ತಾಯಂದಿರು 2017ರ ಫೆಬ್ರುವರಿಯಲ್ಲಿ ಧರಣಿ ಕೂತರು. ಉತ್ತರಕ್ಕೆ ಕಾಯುತ್ತ ಕಾಯುತ್ತ ಅವರಲ್ಲಿ ಹಲವರು ತೀರಿಕೊಂಡಿದ್ದಾರೆ.

ಕನ್ನಡಿಗರಿಗೆ ಹತ್ತಿರದ ಒಂದು ಪ್ರಯೋಗವೂ ಇದೆ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಚಂಬಲ್ ಕಣಿವೆಯ ಜೌರಾದಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಖಾಕಿ ಚಡ್ಡಿ, ಖಾದಿ ಅಂಗಿಯ ಆ ಮನುಷ್ಯನನ್ನು ಅಲ್ಲಿ ಎಲ್ಲರೂ ಭಾಯೀಜಿ ಎನ್ನುತ್ತಿದ್ದರು. 1972ರ ಏಪ್ರಿಲ್ 14ರಂದು ಅದೇ ಜೌರಾದಲ್ಲಿ ಮೊಹರ್ ಸಿಂಗ್ ಮೊದಲಾದ ಡಕಾಯಿತರು ಗಾಂಧಿಯ ಚಿತ್ರದ ಮುಂದೆ, ಜಯಪ್ರಕಾಶ ನಾರಾಯಣರ ಎದುರು ಬಂದೂಕು ಇಟ್ಟರು. ಒಟ್ಟು ಶರಣಾದವರು ನೂರಾರು. ಗಲ್ಲು ಇಲ್ಲ ಎಂಬ ಭರವಸೆ ಅವರಿಗೆ ಸಿಕ್ಕಿತ್ತು, ಹಲವರು ತೆರೆದ ಜೈಲಿನಲ್ಲಿ ಶಿಕ್ಷೆ ಅನುಭವಿಸಿದರು. ಡಕಾಯಿತಿ ಅಲ್ಲಿಗೇ ಮುಗಿಯಲಿಲ್ಲ; ಫೂಲನ್ ದೇವಿಯ ಕತೆ ಅದರ ನಂತರದ್ದು. ಕಣಿವೆಯ ಬಂದೂಕಿನ ಹಿಂದೆ ಜಮೀನಿನ ಜಗಳ, ಜಾತಿಯ ಸೇಡು ಹಾಗೇ ಉಳಿದಿದ್ದವು. ಆದರೆ ಫೋಟೊ ತೆಗೆದವರು ಹೋದ ಮೇಲೂ ಆಶ್ರಮ ಅಲ್ಲೇ ಇತ್ತು. ಅಲ್ಲಿ ದುಡಿದ ಪಿ.ವಿ. ರಾಜಗೋಪಾಲ್ ಮುಂದೆ ಏಕತಾ ಪರಿಷತ್ ಕಟ್ಟಿ, 2007ರಲ್ಲಿ ಭೂಮಿ ಇಲ್ಲದ ಸುಮಾರು 25,000 ಜನರನ್ನು ಗ್ವಾಲಿಯರ್‌ನಿಂದ ದೆಹಲಿಗೆ ನಡೆಸಿದರು. ಬಂದೂಕು ಕೆಳಗಿಡಿಸಿದವರು ಬಂದೂಕಿನ ಕಾರಣವನ್ನು ಕೆದಕಲು ಹೊರಟ ಅಪರೂಪದ ನಿದರ್ಶನ ಇದು. ಸುಬ್ಬರಾವ್ 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರ ಅಂತ್ಯಸಂಸ್ಕಾರ ಜೌರಾದಲ್ಲೇ ನಡೆಯಿತು.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನ್ನ ತೀರ್ಮಾನ ಇದು. ಒಳಗಿನ ಗಾಯ ಮಾಯಿಸಲು ಒಂದೇ ಸಮುದಾಯದ ಸಂಘ ಸಾಕು. ಎರಡು ಸಮುದಾಯಗಳ ನಡುವಿನ ಗಾಯಕ್ಕೆ ಎರಡರಿಂದಲೂ ಸದಸ್ಯರಿರುವ ಸಂಘವೇ ಬೇಕು, ಅದು ಕಲಹಕ್ಕೆ ಮೊದಲೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಲಹದ ನಡುವೆಯೇ ಕಟ್ಟಬೇಕು. ಒಪ್ಪಂದದಲ್ಲಿ ಅದಕ್ಕೆ ಕೊಟ್ಟ ಸ್ಥಾನ ಕಾನೂನಿನ ಬಲದ್ದಾಗಿರಬೇಕು, ರಾಜಕಾರಣಿಗಳು ಮನಸ್ಸು ಬಂದಾಗ ಮುಚ್ಚುವಂತಿರಬಾರದು.

ಮಣಿಪುರದಲ್ಲಿ ಇಂದು ಮೈತೇಯಿಗಳೂ ಕುಕಿ-ಜೋಗಳೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆ, ಸಂತೆ, ಆಸ್ಪತ್ರೆ ಬಹುತೇಕ ಇಲ್ಲ. ಬೆಂಗಳೂರಿನಲ್ಲಿ ಇವೆ. ಇಲ್ಲಿನ ಕಾಲೇಜುಗಳಲ್ಲಿ, ನರ್ಸಿಂಗ್ ಹಾಸ್ಟೆಲುಗಳಲ್ಲಿ, ಹೋಟೆಲುಗಳಲ್ಲಿ ಎರಡೂ ಕಡೆಯ ಮಕ್ಕಳಿದ್ದಾರೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಇದೇ ಊರಿನ ರೈಲು ನಿಲ್ದಾಣಕ್ಕೆ ಮುಗಿಬಿದ್ದಾಗ, ಮುಸ್ಲಿಂ ಸಂಘಟನೆಗಳವರೂ ಇತರರೂ ಅಲ್ಲಿಗೆ ಹೋಗಿ, ಹೆದರಬೇಡಿ, ನಾವಿದ್ದೇವೆ ಎಂದು ಕೈಮುಗಿದಿದ್ದರು. ಆ ಕೆಲಸ ಈಗಲೂ ಬೇಕು. ಕಾಲೇಜುಗಳ ಪ್ರಾಂಶುಪಾಲರು, ಚರ್ಚುಗಳು, ಕನ್ನಡ ಸಂಘಗಳು ಆ ಮಕ್ಕಳು ಕೂಡಿ ಆಡಲು, ಓದಲು, ಬೇಕಾದರೆ ಜಗಳವಾಡಿಯಾದರೂ ಮಾತಾಡಲು ಒಂದು ಜಾಗ ಮಾಡಿಕೊಡಲಿ. ಇಂಫಾಲಿನಲ್ಲೂ ಚುರಾಚಾಂದ್‌ಪುರದಲ್ಲೂ ಸದ್ಯಕ್ಕೆ ಆಗದ ಆ ಕೆಲಸ ನಮ್ಮ ಊರಿನಲ್ಲಿ ಆಗಬಲ್ಲದು, ಮುಂದಾಗಬೇಕಾದವರು ನಾವು.